ಆಲೂಗಡ್ಡೆ ಗರಿಗರಿಯಾಗಲು ಅಪ್ಪನಿಗೆ ಫೋನ್ ಮಾಡಬೇಕಾಯ್ತು!

‘ಆಲೂಗಡ್ಡೆ ಸಿಪ್ಪೆ ತೆಗೆಯೋಕೆ ಬರುತ್ತಾ?’

ನಂಬ್ತೀರೋ ಬಿಡ್ತೀರೋ, ವಿದೇಶದಲ್ಲಿ ನಾನು ಎದುರಿಸಿದ ಮೊದಲ ಇಂಟರ್ವ್ಯೂನ ಮೊದಲ ಪ್ರಶ್ನೆ ಇದು. ಹಾಸನದಲ್ಲಿ ಬಿಇ ಮುಗಿಸಿ, ಬ್ಯಾಂಕ್ ಸಾಲ ಮಾಡಿ, ಡೇಟಾ ಅನಲಿಟಿಕ್ಸ್‌ನಲ್ಲಿ ಮಾಸ್ಟರ್ಸ್ ಮಾಡಲು ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಬಂದವಳು ನಾನು. ಬಂದು ಮೂರು ವಾರಕ್ಕೇ ಕೈಯಲ್ಲಿದ್ದ ದುಡ್ಡು ಕರಗತೊಡಗಿತು. ರೂಮಿನ ಬಾಡಿಗೆ, ಟ್ರೈನ್ ಚಾರ್ಜು, ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ಬೆಲೆ ನೋಡಿದರೂ ಮನಸ್ಸು ತಾನಾಗಿಯೇ ರೂಪಾಯಿಗೆ ಗುಣಿಸಿ ಹೆದರುತ್ತಿತ್ತು. ಇಲ್ಲಿ ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸು ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. ಆ 48 ಗಂಟೆಯ ಕೆಲಸಕ್ಕಾಗಿ ರೆಸ್ಯೂಮೆ ಹಿಡಿದು ಅಂಗಡಿ ಅಂಗಡಿ ಸುತ್ತುತ್ತಿದ್ದೆ. ‘ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ?’ ಅಂತ ಎಲ್ಲರೂ ಕೇಳುವವರೇ. ಕೆಲಸವನ್ನೇ ಕೊಡದಿದ್ದರೆ ಎಕ್ಸ್‌ಪೀರಿಯೆನ್ಸ್ ಎಲ್ಲಿಂದ ತರಲಿ? ಈ ಪ್ರಶ್ನೆ ಬೆಂಗಳೂರಲ್ಲಿ ಕೆಲಸ ಹುಡುಕುತ್ತಿರುವ ನಿಮ್ಮಲ್ಲಿ ಅನೇಕರದ್ದೂ ಹೌದಲ್ಲ?

ಮೆಲ್ಬರ್ನ್‌ನ ಓಕ್ಲಿ ಅನ್ನೋ ಬಡಾವಣೆಗೆ ಹೋದರೆ ಗ್ರೀಸ್‌ಗೇ ಬಂದ ಹಾಗಿರುತ್ತದೆ. ಎರಡನೇ ಮಹಾಯುದ್ಧದ ನಂತರ, ಅದರಲ್ಲೂ 1950-60ರ ದಶಕದಲ್ಲಿ ಸಾವಿರಾರು ಗ್ರೀಕರು ಹಡಗು ಹತ್ತಿ ಈ ದೇಶಕ್ಕೆ ಬಂದರು. ಗ್ರೀಸ್ ಬಿಟ್ಟರೆ ಅತಿ ಹೆಚ್ಚು ಗ್ರೀಕರಿರುವ ನಗರಗಳಲ್ಲಿ ಮೆಲ್ಬರ್ನ್ ಒಂದು. ಓಕ್ಲಿಯ ಈಟನ್ ಮಾಲ್ ಅನ್ನೋ ಬೀದಿಯಲ್ಲಿ ಕಾಫಿ ಹೀರುತ್ತಾ ಗಂಟೆಗಟ್ಟಲೆ ಹರಟುವ ಅಜ್ಜಂದಿರನ್ನು ನೋಡಿದರೆ ನಮ್ಮೂರ ಅರಳಿಕಟ್ಟೆ ನೆನಪಾಗುತ್ತದೆ. ಅಲ್ಲಿಗೆ ಸ್ವಲ್ಪ ದೂರದ ಪುಟ್ಟ ಕೆಫೆಯೊಂದರಲ್ಲಿ ನನ್ನ ಇಂಟರ್ವ್ಯೂ ನಡೆದದ್ದು. ಪ್ರಶ್ನೆ ಕೇಳಿದ್ದು ಮಾಲೀಕರಲ್ಲ, ಮೂಲೆಯಲ್ಲಿ ಕೂತು ಬೀನ್ಸ್ ಸೋಸುತ್ತಿದ್ದ ಅವರ ತಾಯಿ. ಎಂಬತ್ತರ ಆಸುಪಾಸಿನ ಅಜ್ಜಿ.

ಏನು ಹೇಳಬೇಕೋ ತೋಚದೆ, ‘ನಮ್ಮಪ್ಪ ಆಲೂಗಡ್ಡೆ ಬೆಳೀತಾರೆ’ ಅಂದುಬಿಟ್ಟೆ.

ಅಜ್ಜಿ ಮಗನ ಕಡೆ ತಿರುಗಿ ಗ್ರೀಕ್‌ನಲ್ಲಿ ಏನೋ ಹೇಳಿದರು. ಮರುದಿನದಿಂದಲೇ ಕೆಲಸಕ್ಕೆ ಬಾ ಅಂದರು ಮಾಲೀಕರು. ಎಂಟು ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಕೊಡಿಸದ ಕೆಲಸವನ್ನು ಅಪ್ಪನ ಆಲೂಗಡ್ಡೆ ಕೊಡಿಸಿತ್ತು.

ಆದರೆ ಅಪ್ಪನಿಗೆ ಮಾತ್ರ ಇದನ್ನು ಹೇಳಲಿಲ್ಲ.

ಒಂದು ಸಣ್ಣ ಸುಳ್ಳು

ನಮ್ಮದು ಹಾಸನದ ಹತ್ತಿರದ ಹಳ್ಳಿ. ಒಂದು ಕಾಲಕ್ಕೆ ನಮ್ಮ ಕಡೆ ಮುಂಗಾರಿನಲ್ಲಿ ಎತ್ತ ನೋಡಿದರೂ ಆಲೂಗಡ್ಡೆ ಹೊಲವೇ. ಪಂಜಾಬಿನ ಜಲಂಧರ್‌ನಿಂದ ಲಾರಿಗಳಲ್ಲಿ ಬಿತ್ತನೆ ಗಡ್ಡೆ ಬರುತ್ತಿತ್ತು. ಹಾಸನದ ಎಪಿಎಂಸಿಯಲ್ಲಿ ರೈತರು ಸಾಲುಗಟ್ಟಿ ನಿಲ್ಲುತ್ತಿದ್ದರು. ಆಮೇಲೆ ಬೆಳೆಗೆ ಅಂಗಮಾರಿ ರೋಗ ಅಂಟಿತು. ಮೋಡ ಕವಿದು ಸೋನೆ ಹಿಡಿಯಿತೆಂದರೆ ಸಾಕು, ನಿನ್ನೆ ಹಸಿರಾಗಿದ್ದ ಹೊಲ ನಾಲ್ಕೇ ದಿನದಲ್ಲಿ ಸುಟ್ಟ ಹಾಗೆ ಕರ್ರಗಾಗುತ್ತದೆ. ಅನೇಕರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳ, ಶುಂಠಿಗೆ ಹೋದರು. ಅಪ್ಪ ಪೂರ್ತಿ ಬಿಡಲಿಲ್ಲ. ಆದರೆ ನನಗೆ ಮಾತ್ರ ಯಾವಾಗಲೂ ಒಂದೇ ಮಾತು: ‘ಈ ಗಡ್ಡೆ ಸಹವಾಸ ನನಗೇ ಸಾಕು. ನೀನು ಓದಿ ಆಫೀಸಲ್ಲಿ ಕೂತ್ಕೊ ಕಣವ್ವ.’

ಅಂಥವರಿಗೆ, ಲಕ್ಷಗಟ್ಟಲೆ ಸಾಲ ಮಾಡಿ ವಿಮಾನ ಹತ್ತಿದ ಮಗಳು ದಿನಾ ಸಂಜೆ ಮೂವತ್ತು ಕೆ.ಜಿ. ಆಲೂಗಡ್ಡೆ ಹೆರೆಯುತ್ತಿದ್ದಾಳೆ ಅಂತ ಹೇಗೆ ಹೇಳೋದು? ‘ಕೆಲಸ ಸಿಕ್ತಪ್ಪ, ಆಫೀಸಲ್ಲಿ ಡೇಟಾ ಎಂಟ್ರಿ’ ಅಂದೆ. ಅಪ್ಪ ಅದನ್ನೇ ಊರಿಗೆಲ್ಲ ಹೇಳಿಕೊಂಡು ಬಂದರು. ವಿಡಿಯೊ ಕಾಲ್ ಬಂದಾಗ ಕೈಗೆ ಅಂಟಿದ ಮಣ್ಣಿನ ಕಲೆ ಕಾಣದ ಹಾಗೆ ಮೊಬೈಲ್ ಹಿಡಿಯುವುದು ರೂಢಿಯಾಯಿತು. ಹೀಗೆ ಎಂಟು ತಿಂಗಳು ಕಳೆದವು.

ಯಾಯಾ ಕಲಿಸಿದ ಪಾಠ

ಗ್ರೀಕ್ ಭಾಷೆಯಲ್ಲಿ ಅಜ್ಜಿಗೆ ‘ಯಾಯಾ’ ಅಂತಾರೆ. ಕೆಫೆಯಲ್ಲಿ ಎಲ್ಲರಿಗೂ ಅವರು ಯಾಯಾನೇ. ಮೊದಲ ದಿನ ಅವರು ನನ್ನನ್ನು ‘ಪೆದೀ ಮು’ ಅಂತ ಕರೆದಾಗ ನನಗೆ ಅಳುವೇ ಬಂದಿತ್ತು. ಬಂದ ಮೊದಲ ದಿನವೇ ಪೆದ್ದಿ ಅಂತಾರಲ್ಲ! ಆಮೇಲೆ ಗೊತ್ತಾಯಿತು, ಅದರರ್ಥ ‘ನನ್ನ ಮಗು’ ಅಂತ. ಮುಂದೆ ನಾನು ಮಾಡಿದ ಕೆಲವು ಕೆಲಸಗಳಿಗೆ ಕನ್ನಡದ ಅರ್ಥವೇ ಸರಿಹೋಗುತ್ತಿತ್ತು ಅನ್ನಿ.

ಕೆಫೆಯ ಮೆನುವಿನಲ್ಲಿ ಹೆಚ್ಚು ಖರ್ಚಾಗುತ್ತಿದ್ದುದು ಓವನ್‌ನಲ್ಲಿ ಮಾಡಿದ ಗ್ರೀಕ್ ಫ್ರೈಸ್. ಉದ್ದುದ್ದ ಹೆಚ್ಚಿದ ಆಲೂಗಡ್ಡೆಗೆ ಆಲಿವ್ ಎಣ್ಣೆ ಸವರಿ, ಗರಿಗರಿಯಾಗಿ ಬೇಯಿಸಿ, ಮೇಲೆ ಒಣಗಿದ ಆರೆಗಾನೊ, ನಿಂಬೆರಸ, ಫೆಟಾ ಚೀಸ್ ಪುಡಿ. ಪಕ್ಕದಲ್ಲಿ ಬೆಣ್ಣೆಯಂಥ ಮೊಸರಿನ ಡಿಪ್. ಗ್ರೀಸ್‌ನ ಮನೆಗಳಲ್ಲಿ ಆಲೂಗಡ್ಡೆಯನ್ನು ಬಾಣಲೆಯಲ್ಲಿ ಆಲಿವ್ ಎಣ್ಣೆಗೇ ಹಾಕಿ ಕರಿಯುತ್ತಾರಂತೆ. ಓವನ್‌ಗೆ ಹಾಕುವುದಾದರೆ ನಿಂಬೆರಸ, ಎಣ್ಣೆಯಲ್ಲಿ ಮೆತ್ತಗೆ ಬೇಯಿಸುತ್ತಾರೆ. ನಮ್ಮ ಕೆಫೆಯಲ್ಲಿ ಕರಿಯುವ ಯಂತ್ರ ಇಡಲು ಜಾಗವಿರಲಿಲ್ಲ. ಹಾಗಾಗಿ ಯಾಯಾ ಎರಡನ್ನೂ ಸೇರಿಸಿ ಓವನ್‌ನಲ್ಲೇ ಗರಿಗರಿ ಮಾಡುವ ದಾರಿ ಕಂಡುಕೊಂಡಿದ್ದರು.

ಕೇಳಲು ಸುಲಭ. ಮಾಡಲು ಹೋದಾಗ ನನ್ನ ಮೊದಲ ಟ್ರೇ ಬೇಯಿಸಿದ ಪಲ್ಯದ ಹಾಗಿತ್ತು! ಯಾಯಾ ಒಂದೊಂದಾಗಿ ತಪ್ಪು ತೋರಿಸಿದರು. ಆಲೂಗಡ್ಡೆ ಒದ್ದೆಯಾಗಿದ್ದಷ್ಟು ಹೊತ್ತು ಅದು ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ನೀರು ನೂರು ಡಿಗ್ರಿಗಿಂತ ಮೇಲೆ ಕಾಯದು, ಆದರೆ ಹೊರಪದರ ಗರಿಗರಿ ಆಗಿ ಕೆಂಪೇರಲು ಅದಕ್ಕಿಂತ ಹೆಚ್ಚಿನ ಕಾವು ಬೇಕು. ಟ್ರೇನಲ್ಲಿ ಒತ್ತೊತ್ತಾಗಿ ಹರಡಿದರೆ ಒಂದರ ಹಬೆ ಇನ್ನೊಂದನ್ನು ಮೆತ್ತಗೆ ಮಾಡುತ್ತದೆ. ಆರೆಗಾನೊ ಮೊದಲೇ ಹಾಕಿದರೆ ಸುಟ್ಟು ಕಹಿಯಾಗುತ್ತದೆ. ನಿಂಬೆರಸ ಮೊದಲೇ ಹಿಂಡಿದರೆ ಮತ್ತೆ ಒದ್ದೆ.

‘ಅವಸರ ಮಾಡಬೇಡ, ಅದನ್ನು ಗುಂಪು ಕೂಡಿಸಬೇಡ’ ಅನ್ನುತ್ತಿದ್ದರು ಯಾಯಾ. ಬಿಎಂಟಿಸಿ ಬಸ್ಸಲ್ಲಿ ನಿಂತು ಅಭ್ಯಾಸವಿದ್ದ ನನಗೆ ಎರಡೂ ಕಷ್ಟವೇ.

ಕೆಲಸ ಮಾಡುತ್ತಾ ಕಥೆಯನ್ನೂ ಹೇಳುತ್ತಿದ್ದರು. ಗ್ರೀಸ್‌ಗೆ ಆಲೂಗಡ್ಡೆ ಬೆಳೆಯನ್ನು ಪರಿಚಯಿಸಿದವರು ಅಲ್ಲಿನ ಮೊದಲ ಗವರ್ನರ್ ಇಯೋನಿಸ್ ಕಪೋಡಿಸ್ಟ್ರಿಯಾಸ್. 1828ರಲ್ಲಿ ಅಧಿಕಾರಕ್ಕೆ ಬಂದಾಗ ಯುದ್ಧದಿಂದ ದೇಶ ಹಸಿದಿತ್ತು. ಆಲೂಗಡ್ಡೆ ತರಿಸಿ ಹಂಚಲು ಹೋದರೆ ಜನ ಮೂಸಿಯೂ ನೋಡಲಿಲ್ಲವಂತೆ. ಆಗ ಆತ ಆಲೂಗಡ್ಡೆ ರಾಶಿಗೆ ಕಾವಲುಗಾರರನ್ನು ನಿಲ್ಲಿಸಿದ. ಕದಿಯಲು ಬಂದರೆ ನೋಡಿಯೂ ನೋಡದಂತಿರಿ ಅಂತ ಅವರ ಕಿವಿಯಲ್ಲಿ ಹೇಳಿದ. ಇಷ್ಟೊಂದು ಕಾಯುತ್ತಿದ್ದಾರೆಂದರೆ ಇದು ಬೆಲೆಬಾಳುವ ವಸ್ತುವೇ ಇರಬೇಕೆಂದು ಜನ ರಾತ್ರೋರಾತ್ರಿ ರಾಶಿ ಖಾಲಿ ಮಾಡಿದರಂತೆ! ಇದು ದಂತಕಥೆ. ಫ್ರಾನ್ಸ್‌ನವರೂ ಪಾರ್ಮಾಂಟಿಯೆ ಅನ್ನುವವರ ಹೆಸರಲ್ಲಿ ಇಂಥದ್ದೇ ಕಥೆ ಹೇಳುತ್ತಾರೆ. ನಿಜ ಏನೆಂದರೆ, 1831ರಲ್ಲಿ ಆ ಗವರ್ನರ್ ಕೊಲೆಯಾಗಿಹೋದ, ಆಲೂಗಡ್ಡೆ ಮಾತ್ರ ಗ್ರೀಸ್‌ನಲ್ಲಿ ಉಳಿಯಿತು. ಗ್ರೀಕ್‌ನಲ್ಲಿ ಅದನ್ನು ‘ಪತಾತಾ’ ಅಂತಾರೆ. ‘ನಮ್ಮ ಕರಾವಳಿಯವರು ಬಟಾಟೆ ಅಂತಾರೆ’ ಅಂದಾಗ ಯಾಯಾ ನಕ್ಕು, ‘ಹಾಗಾದರೆ ನಾವು ನೆಂಟರು’ ಅಂದರು.

ಆರೆಗಾನೊ ವಿಷಯದಲ್ಲೂ ನೆಂಟಸ್ತನ ಸಿಕ್ಕಿತು. ಮೊದಲ ಸಲ ಡಬ್ಬ ತೆರೆದಾಗ ‘ಇದು ನಮ್ಮನೆ ಹಿತ್ತಲ ದೊಡ್ಡಪತ್ರೆ ವಾಸನೆಯಲ್ವಾ’ ಅನಿಸಿತು. ಆಮೇಲೆ ಓದಿದೆ, ಎರಡೂ ತುಳಸಿ, ಪುದಿನದ ಕುಟುಂಬದ ಗಿಡಗಳೇ. ಆ ವಾಸನೆಗೆ ಕಾರಣವಾದ ಕಾರ್ವಕ್ರಾಲ್ ಅನ್ನೋ ಅಂಶ ಎರಡರಲ್ಲೂ ಇದೆಯಂತೆ. ಇನ್ನು ಸೌತೆಕಾಯಿ ತುರಿ, ಬೆಳ್ಳುಳ್ಳಿ ಹಾಕಿ ಮಾಡುವ ‘ಜಾಜೀಕಿ’ ಅನ್ನುವ ಅವರ ಪ್ರಸಿದ್ಧ ಡಿಪ್ ಇದೆಯಲ್ಲ, ಅದು ಸಾಸಿವೆ ಒಗ್ಗರಣೆ ಇಲ್ಲದ ನಮ್ಮ ಸೌತೆಕಾಯಿ ಮೊಸರುಬಜ್ಜಿಯ ತಂಗಿ. ವ್ಯತ್ಯಾಸ ಒಂದೇ, ಅವರು ಮೊಸರಿನ ನೀರನ್ನೆಲ್ಲ ಬಸಿದು ಗಟ್ಟಿ ಮಾಡುತ್ತಾರೆ. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಯಾಯಾ ಹಾಲು, ಮೊಸರು ಮುಟ್ಟುತ್ತಿರಲಿಲ್ಲ. ಆಗ ಬೇಯಿಸಿದ ಆಲೂಗಡ್ಡೆಗೇ ಬೆಳ್ಳುಳ್ಳಿ, ಆಲಿವ್ ಎಣ್ಣೆ, ವಿನೆಗರ್ ಹಾಕಿ ಅರೆದು ‘ಸ್ಕೊರ್ದಾಲ್ಯಾ’ ಅಂತ ಇನ್ನೊಂದು ಡಿಪ್ ಮಾಡುತ್ತಿದ್ದರು.

ಎರಡು ಟ್ರೇ ಕಸದ ಬುಟ್ಟಿಗೆ

ಜುಲೈ ತಿಂಗಳು. ಇಲ್ಲಿ ಗಡಗಡ ನಡುಗಿಸುವ ಚಳಿಗಾಲ. ಒಂದು ಭಾನುವಾರಕ್ಕೆ ನಲವತ್ತು ಜನರ ನಾಮಕರಣದ ಊಟದ ಆರ್ಡರ್ ಬಂದಿತ್ತು. ಕೆಫೆಗೆ ಅದು ದೊಡ್ಡ ಆರ್ಡರ್. ಫ್ರೈಸ್ ಜವಾಬ್ದಾರಿ ಪೂರ್ತಿ ನನ್ನದು ಅಂದಿದ್ದರು ಮಾಲೀಕರು. ಸರಿಯಾಗಿ ಮಾಡಿದರೆ ಅಡುಗೆಮನೆ ಸಹಾಯಕಿಯಿಂದ ಅಡುಗೆಯವಳಾಗಿ ಬಡ್ತಿ, ಗಂಟೆಗೆ ಒಂದಿಷ್ಟು ಹೆಚ್ಚು ಸಂಬಳ. ಮುಂದಿನ ತಿಂಗಳ ಬಾಡಿಗೆಗೆ ಅದನ್ನು ಆಗಲೇ ಲೆಕ್ಕ ಹಾಕಿಟ್ಟಿದ್ದೆ.

ಶನಿವಾರ ಮಾಮೂಲಿನಂತೆ ಮೊದಲ ಟ್ರೇ ತೆಗೆದಾಗ ಎದೆ ಧಸಕ್ ಅಂದಿತು. ಇಪ್ಪತ್ತೇ ನಿಮಿಷಕ್ಕೆ ತುದಿಗಳೆಲ್ಲ ಕರ್ರಗೆ. ಮುರಿದು ನೋಡಿದರೆ ಒಳಗೆ ಮೆತ್ತಮೆತ್ತಗೆ. ಕಾವು ಕಡಿಮೆ ಮಾಡಿ ಎರಡನೇ ಟ್ರೇ ಇಟ್ಟೆ. ಅದೂ ಅದೇ ಕಥೆ. ಬಾಯಿಗೆ ಹಾಕಿಕೊಂಡರೆ ಒಂಥರಾ ಸಿಹಿ, ಜೊತೆಗೆ ಸುಟ್ಟ ಕಹಿ. ಓವನ್ ಕೆಟ್ಟಿದೆ ಅಂದುಕೊಂಡೆ. ಮಾಲೀಕರು ಅದೇ ಓವನ್‌ನಲ್ಲಿ ಬ್ರೆಡ್ ಇಟ್ಟು ನೋಡಿದರು, ಚೆನ್ನಾಗಿಯೇ ಬಂತು. ‘ನೀನೇನಾದರೂ ಬದಲಾಯಿಸಿದ್ದೀಯಾ?’ ಕೇಳಿದರು. ‘ಇಲ್ಲ, ಏನೂ ಇಲ್ಲ’ ಅಂದೆ. ಅವರು ಮಾತಾಡದೆ ಎರಡೂ ಟ್ರೇಗಳನ್ನು ಕಸದ ಬುಟ್ಟಿಗೆ ಸುರಿದರು. ಬೈದಿದ್ದರೆ ವಾಸಿಯಿತ್ತು.

ಯಾಯಾ ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು. ‘ಆಲೂಗಡ್ಡೆಗೇ ಏನೋ ಆಗಿದೆ. ನಿಮ್ಮಪ್ಪ ಬೆಳೀತಾರಲ್ಲ, ಅವರನ್ನೇ ಕೇಳು.’

ನಾನು ತಲೆ ತಗ್ಗಿಸಿದೆ. ಕೇಳೋದೇನೋ ಸರಿ, ಏನಂತ ಕೇಳೋದು?

‘ಎಂಟು ಚೀಲಾನಾ? ನೀನೊಬ್ಬಳು ತಿನ್ನೋಕಾ?’

ರಾತ್ರಿ ಹನ್ನೊಂದಕ್ಕೆ ರೂಮಿಗೆ ಬಂದು ಫೋನ್ ಹಚ್ಚಿದೆ. ಊರಲ್ಲಿ ಆಗ ಸಂಜೆ ಆರೂವರೆ. ಅಪ್ಪ ಆಗಷ್ಟೇ ಹೊಲಕ್ಕೆ ಔಷಧಿ ಹೊಡೆದು ಬಂದಿದ್ದರು. ಅಲ್ಲಿ ಮೂರು ದಿನದಿಂದ ಬಿಡದ ಸೋನೆ.

‘ಏನವ್ವಾ, ಇಷ್ಟೊತ್ತಲ್ಲಿ? ಮಲಗಿಲ್ವಾ?’

‘ಅಪ್ಪ, ಆಲೂಗಡ್ಡೆ ಬೇಗ ಕರ್ರಗಾಗ್ತೈತೆ, ಒಳಗೆ ಮಾತ್ರ ಮೆತ್ತಗೇ ಇರುತ್ತೆ. ತಿಂದ್ರೆ ಸಿಹಿ ಸಿಹಿ. ಯಾಕಿರಬಹುದು?’

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ‘ಫ್ರಿಜ್ಜಲ್ಲಿ ಇಟ್ಟಿದ್ಯಾ?’

ನನಗೆ ಆಗ ಹೊಳೆಯಿತು. ಹತ್ತು ದಿನದ ಹಿಂದೆ ಸ್ಟೋರ್‌ರೂಮ್ ಗಲೀಜಾಗಿದೆ ಅಂತ ಯಾರೂ ಹೇಳದಿದ್ದರೂ ನಾನೇ ಮುತುವರ್ಜಿಯಿಂದ ಚೊಕ್ಕ ಮಾಡಿದ್ದೆ. ಆಲೂಗಡ್ಡೆ ಕೆಡದಿರಲಿ ಅಂತ ಚೀಲಗಳನ್ನೆಲ್ಲ ಎಳೆದುಕೊಂಡು ಹೋಗಿ ಹಾಲು, ಚೀಸ್ ಇಡುವ ಕೂಲ್‌ರೂಮ್‌ನಲ್ಲಿ ಜೋಡಿಸಿದ್ದೆ. ಹೊರಗಿದ್ದ ಹಳೇ ಚೀಲ ಮುಗಿದು, ಕೂಲ್‌ರೂಮಿನದನ್ನು ಮೊದಲ ಸಲ ತೆಗೆದದ್ದು ಆ ಶನಿವಾರವೇ. ‘ಏನೂ ಬದಲಾಯಿಸಿಲ್ಲ’ ಅಂದಿದ್ದೆನಲ್ಲ, ಬದಲಾಯಿಸಿದವಳು ನಾನೇ!

‘ಹೂನಪ್ಪ, ಇಟ್ಟಿದ್ದೆ.’

‘ಅದಕ್ಕೇ ಮತ್ತೆ. ಥಂಡಿಯಲ್ಲಿ ಗಡ್ಡೆ ಸಿಹಿ ತಿರುಗುತ್ತೆ. ಜಲಂಧರಿಂದ ಬರೋ ಬಿತ್ತನೆ ಗಡ್ಡೆ ಕೋಲ್ಡ್ ಸ್ಟೋರೇಜಿಂದ ಬಂದಿರುತ್ತೆ ನೋಡು, ಮಿಕ್ಕಿದ್ದರಲ್ಲಿ ನಿಮ್ಮಜ್ಜಿ ಪಲ್ಯ ಮಾಡಿ ಸಿಹಿ ಸಿಹಿ ಅಂತ ಬೈಕೊಳ್ತಿದ್ರು. ಎಷ್ಟಿಟ್ಟಿದ್ದೆ?’

‘ಎಂಟು ಚೀಲ.’

‘ಎಂಟು ಚೀಲಾನಾ? ನೀನೊಬ್ಬಳು ತಿನ್ನೋಕಾ?’

ಬಾಯಿ ತಪ್ಪಿ ಬಂದ ಮಾತನ್ನು ನುಂಗುವ ಹಾಗಿರಲಿಲ್ಲ. ಎಲ್ಲ ಹೇಳಿಬಿಟ್ಟೆ. ಆಫೀಸು ಸುಳ್ಳು, ಡೇಟಾ ಎಂಟ್ರಿ ಸುಳ್ಳು, ಎಂಟು ತಿಂಗಳಿಂದ ಹೋಟೆಲ್ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದೇನೆ ಅಂತ.

ಆ ಕಡೆ ಮಾತಿಲ್ಲ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಫೋನ್ ಕಟ್ಟಾಯಿತೇನೋ ಅಂದುಕೊಂಡೆ.

‘ಕೂತ್ಕೊಂಡು ಹೆರೀತೀಯಾ, ನಿಂತ್ಕೊಂಡಾ?’ ಕೇಳಿದರು ಅಪ್ಪ.

‘ನಿಂತ್ಕೊಂಡು.’

‘ಸೊಂಟ ಹಿಡ್ಕೊಳ್ಳುತ್ತೆ. ಪಾತ್ರೆ ಎತ್ತರಕ್ಕೆ ಇಟ್ಕೊ, ಬಗ್ಗಬೇಡ.’ ಇನ್ನೊಂದಿಷ್ಟು ಮೌನ. ಆಮೇಲೆ ಸಣ್ಣಗೆ ನಕ್ಕರು. ‘ಗಡ್ಡೆ ಸಹವಾಸ ಬೇಡ ಅಂತ ಅಷ್ಟು ದೂರ ಕಳಿಸಿದ್ರೆ, ಅದೂ ವೀಸಾ ಮಾಡಿಸ್ಕೊಂಡು ಹಿಂದೇನೇ ಬಂದ್ಬಿಡ್ತಲ್ಲವ್ವ!’

ನಾನು ನಗುತ್ತಲೇ ಅತ್ತೆ.

ಆ ರಾತ್ರಿ ನಾವು ಮುಕ್ಕಾಲು ಗಂಟೆ ಆಲೂಗಡ್ಡೆ ಬಗ್ಗೆ ಮಾತಾಡಿದೆವು. ಅಪ್ಪನ ಜೊತೆ ಅಷ್ಟು ಹೊತ್ತು ನಾನು ಯಾವತ್ತೂ ಮಾತಾಡಿರಲಿಲ್ಲ. ಹಾಸನದಲ್ಲಿ ಹೆಚ್ಚಾಗಿ ಬೆಳೆಯುವ ಕುಫ್ರಿ ಜ್ಯೋತಿ ತಳಿ ಪಲ್ಯ, ಸಾಗುಗೆ ಚೆನ್ನ, ಚಿಪ್ಸ್ ಕಂಪನಿಯವರು ಕೇಳುವುದು ಕುಫ್ರಿ ಚಿಪ್ಸೋನಾದಂಥ ಬೇರೆ ತಳಿ ಅಂತ ಅಪ್ಪ ವಿವರಿಸಿದರು. ಚಿಪ್ಸ್‌ಗೆ ನೀರಿನಂಶ ಕಡಿಮೆ, ಹಿಟ್ಟಿನಂಶ ಹೆಚ್ಚಿರುವ ಗಡ್ಡೆ ಬೇಕು. ನೀರು ಗಡ್ಡೆ ಗರಿಗರಿ ಆಗದು. ಕೂಲ್‌ರೂಮಿನಿಂದ ತೆಗೆದ ಚೀಲಗಳನ್ನು ಬಿಸಾಡಬೇಡ, ಬೆಳಕು ಬೀಳದ ಮಾಮೂಲಿ ಕೋಣೆಯಲ್ಲಿ ಎರಡು ಮೂರು ವಾರ ಇಡು, ಸಿಹಿ ಒಂದಷ್ಟು ಇಳಿಯುತ್ತೆ ಅಂದರು. ‘ಬೆಳಕು ಬಿದ್ರೆ ಹಸಿರಾಗುತ್ತೆ, ಅದನ್ನ ತಿನ್ನಬಾರದು’ ಅನ್ನೋ ಎಚ್ಚರಿಕೆ ಬೇರೆ.

ಆಮೇಲೆ ಪುಸ್ತಕದಲ್ಲಿ ನೋಡಿದೆ. ಅಪ್ಪ ಹೇಳಿದ್ದೆಲ್ಲ ವಿಜ್ಞಾನವೇ. ಥಂಡಿಯಲ್ಲಿ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಸಕ್ಕರೆ ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನು ಓವನ್ ಮೇಲೆ ಅನುಮಾನಪಟ್ಟೆ. ಹತ್ತನೇ ಕ್ಲಾಸ್ ದಾಟದ ಅಪ್ಪ ಎರಡು ಪ್ರಶ್ನೆಯಲ್ಲಿ ಕಾರಣ ಹಿಡಿದರು.

ಭಾನುವಾರ ಬೆಳಿಗ್ಗೆ ಬೇಗ ಹೋಗಿ ಮಾಲೀಕರಿಗೆ ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ಮಾರುಕಟ್ಟೆಯಿಂದ ಹೊಸ ಚೀಲ ಬಂತು. ಇಲ್ಲಿ ಸೆಬಾಗೊ ಅನ್ನೋ ತಳಿ ಮಣ್ಣು ಮೆತ್ತಿಕೊಂಡೇ ಸಿಗುತ್ತದೆ, ಫ್ರೈಸ್‌ಗೆ ಒಳ್ಳೆಯದು. ಹನ್ನೆರಡು ಗಂಟೆಗೆ ಮೊದಲ ಟ್ರೇ ಹೊರಗೆ ಬಂದಾಗ ಯಾಯಾ ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ‘ಟಕ್’ ಅಂದಿತು. ‘ನಿಮ್ಮಪ್ಪನಿಗೆ ಥ್ಯಾಂಕ್ಸ್ ಹೇಳು’ ಅಂದರು. ಕೂಲ್‌ರೂಮಿನ ಆಲೂಗಡ್ಡೆಯಲ್ಲಿ ಸ್ವಲ್ಪ ಬೇಯಿಸಿ ಸ್ಕೊರ್ದಾಲ್ಯಾ ಮಾಡಿದೆವು, ಉಳಿದದ್ದು ಸ್ಟೋರ್‌ರೂಮಿಗೆ ವಾಪಸ್. ಬಡ್ತಿ ಮಾತ್ರ ಆ ತಿಂಗಳು ಬರಲಿಲ್ಲ. ಎರಡು ತಿಂಗಳು ತಡವಾಗಿ ಬಂತು.

ನೀವೂ ಮಾಡಿ ನೋಡಿ

ನಾಲ್ಕು ಜನಕ್ಕೆ ಅಂತ ಲೆಕ್ಕ ಕೊಡುತ್ತೇನೆ.

ಫ್ರೈಸ್‌ಗೆ: ಆಲೂಗಡ್ಡೆ 1 ಕೆ.ಜಿ. (ಫ್ರಿಜ್‌ನಲ್ಲಿಟ್ಟದ್ದು ಬೇಡ!), ಆಲಿವ್ ಎಣ್ಣೆ ಅಥವಾ ಮನೆಯಲ್ಲಿರುವ ಯಾವುದೇ ಅಡುಗೆ ಎಣ್ಣೆ 3 ದೊಡ್ಡ ಚಮಚ, ವಿನೆಗರ್ 1 ದೊಡ್ಡ ಚಮಚ, ಒಣಗಿದ ಆರೆಗಾನೊ 2 ಚಿಕ್ಕ ಚಮಚ, ಅರ್ಧ ನಿಂಬೆಹಣ್ಣು, ಉಪ್ಪು, ಮೇಲೆ ಉದುರಿಸಲು ಫೆಟಾ 50 ಗ್ರಾಂ.

ಆಲೂಗಡ್ಡೆಯನ್ನು ಒಂದು ಸೆಂ.ಮೀ. ದಪ್ಪಕ್ಕೆ ಬೆರಳಿನಂತೆ ಹೆಚ್ಚಿ, ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ. ಮೇಲಿನ ಪಿಷ್ಟ ತೊಳೆದುಹೋಗಲಿ. ನೀರು ಬಸಿದು, ಹೊಸ ನೀರಿಗೆ ಉಪ್ಪು, ವಿನೆಗರ್ ಹಾಕಿ ಕುದಿ ಬಂದ ಮೇಲೆ 7-8 ನಿಮಿಷ ಬೇಯಿಸಿ. ವಿನೆಗರ್ ಹಾಕುವುದು ತುಂಡುಗಳು ಒಡೆದು ಮುದ್ದೆಯಾಗದಿರಲಿ ಅಂತ. ಚಾಕು ಚುಚ್ಚಿದರೆ ಸಲೀಸಾಗಿ ಇಳಿಯಬೇಕು, ಆದರೆ ಆಕಾರ ಕೆಡಬಾರದು. ಬಸಿದು, ಅಗಲ ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಹಬೆ ಆರಲು ಬಿಡಿ. ಫ್ಯಾನ್ ಕೆಳಗಿಟ್ಟರೆ ಇನ್ನೂ ಒಳ್ಳೆಯದು.

ಓವನ್ ಅನ್ನು ಖಾಲಿ ಟ್ರೇ ಸಮೇತ 220 ಡಿಗ್ರಿಗೆ ಕಾಯಿಸಿ. ತುಂಡುಗಳಿಗೆ ಎಣ್ಣೆ, ಉಪ್ಪು ಸವರಿ ಕಾದ ಟ್ರೇ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ. ಒಂದೇ ಟ್ರೇಗೆ ಹಿಡಿಸದಿದ್ದರೆ ಎರಡು ಸಲ ಮಾಡಿ. 20 ನಿಮಿಷ ಬಿಟ್ಟು ತಿರುವಿ ಹಾಕಿ, ಇನ್ನೊಂದು 15-20 ನಿಮಿಷ ಬಿಡಿ. ಕೊನೆಯ ಎರಡು ನಿಮಿಷ ಇರುವಾಗ ಆರೆಗಾನೊ. ಹೊರತೆಗೆದ ಮೇಲೆ ಫೆಟಾ. ನಿಂಬೆರಸ ತಿನ್ನುವ ಕ್ಷಣದಲ್ಲಿ.

ಡಿಪ್‌ಗೆ: ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂರು ನಾಲ್ಕು ಗಂಟೆ ನೇತುಹಾಕಿ. ಅದಕ್ಕೆ 100 ಗ್ರಾಂ ಫೆಟಾ, ಜಜ್ಜಿದ ಒಂದು ಬೆಳ್ಳುಳ್ಳಿ ಎಸಳು, ಒಂದು ಚಮಚ ಎಣ್ಣೆ, ಸ್ವಲ್ಪ ನಿಂಬೆಸಿಪ್ಪೆಯ ತುರಿ ಸೇರಿಸಿ ನುಣ್ಣಗೆ ಕಲಸಿ. ಫೆಟಾ ಉಪ್ಪಾಗಿರುತ್ತದೆ, ಹಾಗಾಗಿ ಉಪ್ಪು ಹಾಕುವ ಮುಂಚೆ ರುಚಿ ನೋಡಿ. ಫೆಟಾ ಅಂದರೆ ಕುರಿಹಾಲಿನ ಚೀಸ್, ಮೇಕೆಹಾಲು ಶೇ 30ರವರೆಗೆ ಸೇರಿಸಬಹುದು. ಯುರೋಪ್ ಒಕ್ಕೂಟದಲ್ಲಿ ಗ್ರೀಸ್‌ನವರು ಮಾತ್ರ ಆ ಹೆಸರು ಬಳಸಬಹುದು ಅಂತ 2002ರಲ್ಲೇ ನೋಂದಣಿಯಾಗಿದೆ, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಸಿಕ್ಕ ಹಾಗೆ.

ಫೆಟಾ ದುಬಾರಿ, ಸಿಗುವುದಿಲ್ಲ ಅಂತೀರಾ? ಪುಡಿ ಮಾಡಿದ ಪನೀರ್‌ಗೆ ಉಪ್ಪು, ನಿಂಬೆರಸ ಬೆರೆಸಿ ಒಂದು ಗಂಟೆ ಬಿಡಿ. ಫೆಟಾ ಆಗುವುದಿಲ್ಲ, ಹತ್ತಿರ ಬರುತ್ತದೆ. ಆರೆಗಾನೊಗೆ ಪಿಜ್ಜಾ ಜೊತೆ ಬಂದು ಹಾಸ್ಟೆಲ್ ಡ್ರಾಯರ್‌ನಲ್ಲಿ ಬಿದ್ದಿರುವ ಪೊಟ್ಟಣಗಳಿವೆಯಲ್ಲ! ಏರ್ ಫ್ರೈಯರ್ ಇದ್ದರೆ 200 ಡಿಗ್ರಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ 18-20 ನಿಮಿಷ, ನಡುವೆ ಒಮ್ಮೆ ಅಲುಗಾಡಿಸಿ. ಪಿಜಿಯಲ್ಲಿ ಒಲೆ ಮಾತ್ರ ಇದ್ದರೆ ದಪ್ಪ ಕಬ್ಬಿಣದ ಕಾವಲಿ ಸಾಕು. ಬೇಯಿಸಿ ಒಣಗಿಸಿದ ತುಂಡುಗಳನ್ನು ಒಂದೇ ಪದರದಲ್ಲಿಟ್ಟು, ಮುಚ್ಚಳ ಮುಚ್ಚದೆ, ನಿಧಾನ ಉರಿಯಲ್ಲಿ ಒಂದೊಂದೇ ಮಗ್ಗುಲು ಕೆಂಪಗೆ ಮಾಡಿ.

ರೆಸ್ಯೂಮೆಯಲ್ಲಿ ಒಂದು ಹೊಸ ಸಾಲು

ಅಲ್ಲಿಯವರೆಗೆ ನನ್ನ ರೆಸ್ಯೂಮೆಯಲ್ಲಿ ಕೆಫೆಯ ಹೆಸರೇ ಇರಲಿಲ್ಲ. ಡೇಟಾ ಕೆಲಸ ಕೇಳಲು ಹೋಗುವವಳು ಅಡುಗೆಮನೆ ವಿಷಯ ಬರೆಯುವುದೇ? ಅಂತ ಬಿಟ್ಟಿದ್ದೆ. ಈಗ ಬರೆದಿದ್ದೇನೆ. ಕಳೆದ ತಿಂಗಳು ಒಂದು ಕಂಪನಿಯ ಇಂಟರ್ವ್ಯೂನಲ್ಲಿ ‘ನೀನು ಮಾಡಿದ ಒಂದು ತಪ್ಪು, ಅದರ ಮೂಲ ಹೇಗೆ ಹುಡುಕಿದೆ ಹೇಳು’ ಅಂದರು. ಮುಂಚೆಯಾಗಿದ್ದರೆ ಕಾಲೇಜ್ ಪ್ರಾಜೆಕ್ಟ್‌ನ ಯಾವುದೋ ಬಾಯಿಪಾಠದ ಉತ್ತರ ಒಪ್ಪಿಸುತ್ತಿದ್ದೆ. ಅವತ್ತು ಎಂಟು ಚೀಲ ಆಲೂಗಡ್ಡೆ ಕಥೆ ಹೇಳಿದೆ. ಏನೂ ಬದಲಾಗಿಲ್ಲ ಅಂತ ನಾನೇ ನಂಬಿದ್ದೆ, ಬದಲಾದದ್ದೇನು ಅಂತ ಸರಿಯಾದ ವ್ಯಕ್ತಿಯನ್ನು ಕೇಳಿದಾಗ ಗೊತ್ತಾಯಿತು ಅಂದೆ. ಮೂವರೂ ಮುಂದಕ್ಕೆ ಬಾಗಿ ಕೇಳಿದರು. ಕೆಲಸ ಸಿಗಲಿಲ್ಲ. ಆದರೆ ಮೊದಲ ಬಾರಿಗೆ ಮೂರನೇ ಸುತ್ತಿನವರೆಗೆ ಹೋಗಿದ್ದೆ. ಹುಡುಕಾಟ ನಡೆದಿದೆ.

ಆ ವರ್ಷ ಅಪ್ಪನ ಬೆಳೆಯಲ್ಲಿ ಅರ್ಧದಷ್ಟು ಅಂಗಮಾರಿಗೆ ಹೋಯಿತು. ಮುಂಚೆಯಾಗಿದ್ದರೆ ನನಗೆ ಹೇಳುತ್ತಲೇ ಇರಲಿಲ್ಲ, ‘ಚೆನ್ನಾಗೈತೆ ಬಿಡವ್ವ’ ಅಂದು ಫೋನ್ ಇಡುತ್ತಿದ್ದರು. ಸುಳ್ಳು ಹೇಳುವುದರಲ್ಲಿ ನಾನೊಬ್ಬಳೇ ಇರಲಿಲ್ಲ ಅಂತ ಆಗ ಗೊತ್ತಾಯಿತು. ಈಗ ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ. ಸಾಲದ ಕಂತು ಎಷ್ಟು, ಸಂಬಳ ಎಷ್ಟು, ಔಷಧಿಗೆ ಎಷ್ಟಾಯಿತು, ಎಲ್ಲವನ್ನೂ.

ಕಳೆದ ವಾರ ಅಮ್ಮ ನಾನು ಹೇಳಿದ ಹಾಗೆ ಕಾವಲಿ ಮೇಲೆ ಗ್ರೀಕ್ ಫ್ರೈಸ್ ಮಾಡಿದ್ದರು. ಆರೆಗಾನೊ ಬದಲು ಹಿತ್ತಲ ದೊಡ್ಡಪತ್ರೆ, ಡಿಪ್‌ಗೆ ಮನೆ ಎಮ್ಮೆಯ ಮೊಸರು. ವಿಡಿಯೊ ಕಾಲ್‌ನಲ್ಲಿ ಅಪ್ಪ ಒಂದನ್ನು ಎತ್ತಿ ಕ್ಯಾಮೆರಾ ಮುಂದೆ ಮುರಿದು ತೋರಿಸಿದರು.

‘ಹೆಂಗೈತಪ್ಪ?’ ಕೇಳಿದೆ.

‘ಗರಿಗರಿ ಏನೋ ಆಗೈತೆ’ ಅಂದರು ಅಪ್ಪ ಬಾಯಾಡಿಸುತ್ತಾ. ‘ಉಪ್ಪು ಒಸಿ ಕಮ್ಮಿ.’